ಗಂಡಭೇರುಂಡ: ತಲೆ ಎಣಿಸಬೇಡಿ, ಉಗುರು ನೋಡಿ

ಪ್ರಶ್ನೆ: ನಾನು ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಕೆಲಸ ಮಾಡುತ್ತೇನೆ. ರಾಜ್ಯೋತ್ಸವಕ್ಕೆ ಇಲ್ಲಿನ ಕನ್ನಡಿಗರೆಲ್ಲ ಸೇರಿ ಗಂಡಭೇರುಂಡದ ಟೀ ಶರ್ಟ್ ಮಾಡಿಸಿದ್ದೆವು. ಅದನ್ನು ಹಾಕಿಕೊಂಡು ರೈಲಿನಲ್ಲಿ ಹೋಗುವಾಗ ಹಿರಿಯರೊಬ್ಬರು ‘ನೀವು ರಷ್ಯಾದ ಪರವಾ?’ ಅಂತ ಕೇಳಿಬಿಟ್ಟರು. ಆಫೀಸಿನಲ್ಲಿರುವ ಸರ್ಬಿಯಾದ ಗೆಳೆಯ ‘ಇದು ನಮ್ಮ ಹದ್ದು’ ಅನ್ನುತ್ತಾನೆ. ವಾಟ್ಸಾಪಿನಲ್ಲಿ ನೋಡಿದರೆ ‘ರಷ್ಯಾದವರು ಮೈಸೂರಿನಿಂದ ಕದ್ದರು’ ಅಂತ ಬರುತ್ತದೆ. ಇದರಲ್ಲಿ ನಿಜ ಯಾವುದು? ಎರಡು ತಲೆಗೆ ಅರ್ಥ ಏನು? ಆ ಟೀ ಶರ್ಟ್ ಇನ್ನು ಹಾಕಬಹುದಾ, ಬೇಡವಾ?

ಉತ್ತರ: ಕಳ್ಳತನದ ಮಾತನ್ನು ಮೊದಲು ಮುಗಿಸಿಬಿಡೋಣ. ರಷ್ಯಾದವರು ನಮ್ಮಿಂದ ಕದ್ದಿಲ್ಲ. ನಾವೂ ಅವರಿಂದ ತಂದಿಲ್ಲ. ಇಸವಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಸಾಕು.

ಶಿವಮೊಗ್ಗ ಜಿಲ್ಲೆ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯಲ್ಲಿ ಗಂಡಭೇರುಂಡದ ಕಂಬ ಇದೆ. ಎತ್ತರ ಸುಮಾರು 30 ಅಡಿ. ಕಲ್ಯಾಣದ ಚಾಲುಕ್ಯರ ಸಾಮಂತನಾಗಿ ಬನವಾಸಿ ನಾಡನ್ನು ಆಳುತ್ತಿದ್ದ ಚಾವುಂಡರಾಯ ಅದನ್ನು ನಿಲ್ಲಿಸಿದ್ದು 1047ರಲ್ಲಿ. ರಷ್ಯಾದ ಕಡೆ ಬನ್ನಿ. ಮಾಸ್ಕೋದ ದೊರೆ ಮೂರನೇ ಇವಾನನ ಮುದ್ರೆಯಲ್ಲಿ ಎರಡು ತಲೆಯ ಹದ್ದು ಕಾಣಿಸುವುದು 1497ರಲ್ಲಿ. ನಡುವೆ 450 ವರ್ಷಗಳ ಅಂತರ.

ವಾಟ್ಸಾಪಿನವರು ಹಿಡಿದುಕೊಳ್ಳುವುದು ಈ ಅಂತರವನ್ನೇ. ನಮ್ಮಲ್ಲಿ ಮೊದಲೇ ಇತ್ತು, ಸರಿ. ಹಾಗಂತ ಆಮೇಲಿನವರು ನಮ್ಮಿಂದಲೇ ತೆಗೆದುಕೊಂಡರು ಅಂತ ಆಗುವುದಿಲ್ಲ, ಅಲ್ವಾ? 1497ರಲ್ಲಿ ಮೈಸೂರು ವಿಜಯನಗರದ ಕೆಳಗಿದ್ದ ಒಂದು ಸಣ್ಣ ಪಾಳೆಯಪಟ್ಟು. ಮಾಸ್ಕೋಗೆ ಈ ಹಕ್ಕಿ ಸಿಗುವ ಜಾಗಗಳು ಮನೆಯ ಹತ್ತಿರದಲ್ಲೇ ಇದ್ದವು. ಒಂದು, ಬೈಜಾಂಟಿಯಂ, ಅಂದರೆ ಕಾನ್‌ಸ್ಟಾಂಟಿನೋಪಲ್ ರಾಜಧಾನಿಯಾಗಿದ್ದ ಪೂರ್ವ ರೋಮನ್ ಸಾಮ್ರಾಜ್ಯ. ಅಲ್ಲಿನ ಕೊನೆಯ ರಾಜಮನೆತನ ಪಾಲಿಯೊಲೊಗಸ್‌ನವರು ಎರಡು ತಲೆಯ ಹದ್ದನ್ನು ಬಳಸುತ್ತಿದ್ದರು. 1453ರಲ್ಲಿ ಕಾನ್‌ಸ್ಟಾಂಟಿನೋಪಲ್ ತುರ್ಕರ ಕೈಸೇರಿತು. 1472ರಲ್ಲಿ ಇವಾನ್ ಆ ಮನೆತನದ ಸೋಫಿಯಾಳನ್ನು ಮದುವೆಯಾದ. ಅವಳು ಹದ್ದನ್ನು ಬಳುವಳಿಯಾಗಿ ತಂದಳು ಅನ್ನುವ ಕತೆ ರಷ್ಯಾದಲ್ಲಿ ತುಂಬ ಜನಪ್ರಿಯ. ಇನ್ನೊಂದು ಜಾಗ, ಜರ್ಮನ್ ಚಕ್ರವರ್ತಿಗಳ ಆಸ್ಥಾನ. ಮದುವೆಗೂ ಮುದ್ರೆಗೂ ಮಧ್ಯೆ 25 ವರ್ಷ ಇದೆ ನೋಡಿ. ಬಳುವಳಿಯಾಗಿದ್ದರೆ ಅಷ್ಟು ದಿನ ಪೆಟ್ಟಿಗೆಯಲ್ಲಿ ಯಾಕೆ ಇಟ್ಟ? ಆ ಹೊತ್ತಿಗೆ ಹಾಬ್ಸ್‌ಬರ್ಗ್ ಮನೆತನದ ಈ ಜರ್ಮನ್ ಚಕ್ರವರ್ತಿಗಳೊಂದಿಗೆ ಮಾಸ್ಕೋದ ಪತ್ರ ವ್ಯವಹಾರ ಜಾಸ್ತಿಯಾಗಿತ್ತು. ‘ನಿಮಗೆ ಎರಡು ತಲೆ ಇದ್ದರೆ ನಮಗೂ ಇರಲಿ’ ಅನ್ನುವ ಸರಿಸಮದ ಹಟ ಇದರ ಹಿಂದೆ ಇತ್ತು ಅನ್ನುವ ವಾದವೇ ನನಗೆ ಹೆಚ್ಚು ಒಪ್ಪುತ್ತದೆ.

ಜರ್ಮನಿಯ ಲೆಕ್ಕ ನಿಮಗೆ ಅಲ್ಲೇ ನೋಡಲು ಸಿಗುತ್ತದೆ. ಈಗಿನ ಜರ್ಮನಿಯ ಹದ್ದಿಗೆ ಒಂದೇ ತಲೆ. ಹಳೆಯ ಸಾಮ್ರಾಜ್ಯದಲ್ಲಿ ರಾಜನಿಗೆ ಒಂದು ತಲೆಯ ಹದ್ದು, ಪೋಪ್‌ನಿಂದ ಕಿರೀಟ ಪಡೆದು ಚಕ್ರವರ್ತಿಯಾದರೆ ಎರಡು ತಲೆಯದ್ದು. 1433ರಲ್ಲಿ ಚಕ್ರವರ್ತಿಯಾದ ಸಿಗಿಸ್ಮಂಡನ ಕಾಲಕ್ಕೆ ಈ ಪದ್ಧತಿ ಗಟ್ಟಿಯಾಯಿತು. ಅಂದರೆ ಅಲ್ಲಿ ಎರಡನೇ ತಲೆ ಒಂದು ಬಡ್ತಿ. ಹ್ಯಾಂಬರ್ಗ್ ಪಕ್ಕದ ಲ್ಯೂಬೆಕ್‌ಗೆ ಹೋಗಿ. ಆ ಊರಿನ ಲಾಂಛನದಲ್ಲಿ ಇವತ್ತಿಗೂ ಎರಡು ತಲೆಯ ಕಪ್ಪು ಹದ್ದು ಇದೆ. 1226ರಲ್ಲಿ ಲ್ಯೂಬೆಕ್ ನೇರವಾಗಿ ಚಕ್ರವರ್ತಿಯ ಕೆಳಗೆ ಬಂದ ಸ್ವತಂತ್ರ ನಗರವಾಯಿತು. ನಮ್ಮ ಮೇಲೆ ಇರುವುದು ಚಕ್ರವರ್ತಿ ಒಬ್ಬನೇ, ನಡುವಿನ ಯಾವ ಸಾಹುಕಾರನೂ ಅಲ್ಲ ಅನ್ನುವುದು ಆ ಹದ್ದಿನ ಮಾತು. ರೈಲಿನಲ್ಲಿ ಸಿಕ್ಕ ಹಿರಿಯರು ನಿಮ್ಮನ್ನು ರಷ್ಯಾ ಪರ ಅನ್ನುವ ಬದಲು ಲ್ಯೂಬೆಕ್ ಪರ ಅಂದಿದ್ದರೂ ನಡೆಯುತ್ತಿತ್ತು.

ಹಾಗಾದರೆ ಎಲ್ಲರಿಗಿಂತ ಮೊದಲು ಯಾರದು? ಸರ್ಬಿಯಾದ್ದೂ ಅಲ್ಲ, ನಮ್ಮದೂ ಅಲ್ಲ. ಈಗಿನ ತುರ್ಕಿಯಲ್ಲಿ ಮೂರು ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆ ಹಿಟೈಟ್ ಅನ್ನುವ ಜನ ಇದ್ದರು. ಅಲಜಹೊಯುಕ್ ಎಂಬಲ್ಲಿ ಅವರ ಊರಬಾಗಿಲು ಉಳಿದಿದೆ. ಬಾಗಿಲಿನ ಎರಡೂ ಕಡೆ ಸಿಂಹದ ಮೈ, ಮನುಷ್ಯನ ಮುಖದ ಕಲ್ಲುಗಳು. ಅದರಲ್ಲಿ ಒಂದು ಕಲ್ಲಿನ ಒಳಮಗ್ಗುಲಲ್ಲಿ ಎರಡು ತಲೆಯ ಹದ್ದು. ಅದರ ಎರಡು ಕಾಲಿನಲ್ಲಿ ಎರಡು ಮೊಲ. ಅಲ್ಲಿಂದ ಸ್ವಲ್ಪ ದೂರದಲ್ಲಿ ಯಜಲಿಕಾಯ ಎಂಬ ಬಂಡೆಯ ಗುಡಿ. ಅಲ್ಲಿ ಇಬ್ಬರು ದೇವಿಯರು ಇಂಥದ್ದೇ ಹಕ್ಕಿಯ ಮೇಲೆ ನಿಂತಿದ್ದಾರೆ. ನಮ್ಮ ಉಪಖಂಡದಲ್ಲೂ ಬಳ್ಳಿಗಾವಿಗಿಂತ ಹಳೆಯದು ಒಂದಿದೆ. ತಕ್ಷಶಿಲೆಯ ಸಿರ್ಕಪ್‌ನಲ್ಲಿ, ಸುಮಾರು ಒಂದನೇ ಶತಮಾನದ ಬೌದ್ಧ ಸ್ತೂಪದ ಪೀಠದ ಮೇಲೆ ಎರಡು ತಲೆಯ ಹಕ್ಕಿ ಕೂತಿದೆ. ಆ ಪೀಠದಲ್ಲಿ ಗ್ರೀಕರ ಮಾದರಿಯ ಬಾಗಿಲೂ ಇದೆ, ನಮ್ಮ ತೋರಣವೂ ಇದೆ.

ಇವೆಲ್ಲ ಒಂದರಿಂದ ಒಂದು ಹುಟ್ಟಿದ್ದಾ? ಹೀಗೆ ಸರಪಣಿ ಹಾಕಲು ಹೋದವರು ತುಂಬ ಜನ ಇದ್ದಾರೆ. ಯುರೋಪಿನ ಒಳಗೆ ಸರಪಣಿ ಚೆನ್ನಾಗಿ ಕೂಡುತ್ತದೆ. ಸಿರ್ಕಪ್‌ನಿಂದ ಬಳ್ಳಿಗಾವಿಗೆ ಬರುವಾಗ ಮಾತ್ರ ಮಧ್ಯೆ ಸಾವಿರ ವರ್ಷ ಬರುತ್ತದೆ. ಆ ಕಂದಕವನ್ನು ಸುಮ್ನೆ ಹಾರುವುದು ನನಗೆ ಇಷ್ಟವಿಲ್ಲ. ಇನ್ನೊಂದು ಸರಳ ಕಾರಣವೂ ಇದೆ. ನೇಯುವವರು, ಕೆತ್ತುವವರು ಎಲ್ಲ ದೇಶದಲ್ಲೂ ಅರ್ಧ ಚಿತ್ರ ಮಾಡಿ ಉಳಿದರ್ಧಕ್ಕೆ ಅದನ್ನೇ ತಿರುಗಿಸುತ್ತಾರೆ. ಅಂಗಳದಲ್ಲಿ ರಂಗೋಲಿ ಬಿಡಿಸುವ ಹಾಗೆ. ಪಕ್ಕಕ್ಕೆ ತಿರುಗಿದ ಹಕ್ಕಿಯನ್ನು ಹೀಗೆ ಮಡಚಿದರೆ ಮೈ ಒಂದಾಗಿ, ತಲೆ ಎರಡಾಗಿ ತಾನೇ ಬಂದುಬಿಡುತ್ತದೆ. ಅದಕ್ಕೇ ಹಳೆಯ ರೇಷ್ಮೆ ಬಟ್ಟೆಗಳಲ್ಲಿ ಈ ಹಕ್ಕಿ ಜಾಸ್ತಿ. ಬಟ್ಟೆ ಊರೂರು ಸುತ್ತುತ್ತದೆ, ಜೊತೆಗೆ ಚಿತ್ರವೂ ಸುತ್ತುತ್ತದೆ. ಆದರೆ ಅರ್ಥ ಅದರ ಜೊತೆ ಹೋಗುವುದಿಲ್ಲ. ಹೋದ ಊರಿನವರು ತಮಗೆ ಬೇಕಾದ ಅರ್ಥ ತುಂಬಿಕೊಳ್ಳುತ್ತಾರೆ.

ಈಗ ನಿಮ್ಮ ಎರಡನೇ ಪ್ರಶ್ನೆ. ಎರಡು ತಲೆಗೆ ಏನು ಅರ್ಥ ಅಂತ ಎಲ್ಲರೂ ಕೇಳುತ್ತಾರೆ. ‘ಒಂದು ಪೂರ್ವ ನೋಡುತ್ತದೆ, ಒಂದು ಪಶ್ಚಿಮ ನೋಡುತ್ತದೆ’ ಅನ್ನುವುದು ಸಿದ್ಧ ಉತ್ತರ. ಬೈಜಾಂಟಿಯಂ ಬಗ್ಗೆ, ರಷ್ಯಾ ಬಗ್ಗೆ ಈ ಮಾತು ಚೆನ್ನಾಗಿ ಓಡುತ್ತದೆ. ಅದನ್ನೇ ತಂದು ಗಂಡಭೇರುಂಡಕ್ಕೆ ಅಂಟಿಸುವವರೂ ಇದ್ದಾರೆ. ದಯವಿಟ್ಟು ಬೇಡ. ತಲೆಯಿಂದ ಅರ್ಥ ಸಿಗುವುದಿಲ್ಲ. ತಲೆ ಎಲ್ಲರದ್ದೂ ಒಂದೇ ಥರ. ಕೊಕ್ಕಿನಲ್ಲಿ, ಉಗುರಿನಲ್ಲಿ ಏನು ಹಿಡಿದಿದೆ ನೋಡಿ. ಯಾವ ಜಾಗದಲ್ಲಿ ಕೂತಿದೆ ನೋಡಿ. ಅಲ್ಲಿ ವ್ಯತ್ಯಾಸ ಗೊತ್ತಾಗುತ್ತದೆ.

ರಷ್ಯಾದ ಹದ್ದಿನ ಒಂದು ಕಾಲಿನಲ್ಲಿ ರಾಜದಂಡ, ಇನ್ನೊಂದರಲ್ಲಿ ಶಿಲುಬೆ ಹೊತ್ತ ಗೋಳ. ಆಸ್ಟ್ರಿಯಾದ ಹಳೆಯ ಹದ್ದಿನ ಹತ್ತಿರ ಇವುಗಳ ಜೊತೆ ಕತ್ತಿಯೂ ಇತ್ತು. ಪಟ್ಟಾಭಿಷೇಕದ ದಿನ ರಾಜನ ಕೈಗೆ ಕೊಡುವ ಸಾಮಾನುಗಳು ಇವು. ಅಂದರೆ ಆ ಹಕ್ಕಿಯೇ ಸಿಂಹಾಸನ.

ನಮ್ಮ ಹಕ್ಕಿ ಹಿಡಿದಿರುವುದು ಆನೆಯನ್ನು. ವಿಜಯನಗರದ ಅಚ್ಯುತರಾಯನ (ಆಳ್ವಿಕೆ 1529ರಿಂದ 1542) ಚಿನ್ನದ ನಾಣ್ಯದ ಫೋಟೋ ಹುಡುಕಿ ದೊಡ್ಡದು ಮಾಡಿ ನೋಡಿ. ಆ ಚಿನ್ನದ ನಾಣ್ಯಕ್ಕೆ ವರಾಹ ಅಂತ ಹೆಸರು, ಪೂರ್ತಿ ವರಾಹದ ತೂಕವೇ ಸುಮಾರು 3.4 ಗ್ರಾಂ. ಅರ್ಧ ವರಾಹ ಅದರ ಅರ್ಧ, ಅಗಲ ಬೆರಳಿನ ಉಗುರಿನಷ್ಟು. ಒಂದು ಮುಖದಲ್ಲಿ ನಾಗರಿ ಲಿಪಿಯಲ್ಲಿ ‘ಶ್ರೀ ಪ್ರತಾಪಾಚ್ಯುತರಾಯ’. ಇನ್ನೊಂದು ಮುಖದಲ್ಲಿ ರೆಕ್ಕೆ ಬಿಚ್ಚಿದ ಗಂಡಭೇರುಂಡ. ಮೊದಲ ನೋಟಕ್ಕೆ ಕೊಕ್ಕಿನ ತುದಿಯಲ್ಲಿ ಏನೋ ಉಂಡೆ ನೇತಾಡಿದಂತೆ ಇರುತ್ತದೆ. ಹಿಗ್ಗಿಸಿದರೆ ಆ ಉಂಡೆಗೆ ಸೊಂಡಿಲು ಬರುತ್ತದೆ, ಕಾಲು ಬರುತ್ತದೆ. ಎರಡು ಕೊಕ್ಕಿನಲ್ಲಿ ಎರಡು ಆನೆ, ಉಗುರಿನಲ್ಲಿ ಇನ್ನೆರಡು. ಅಷ್ಟು ಸಣ್ಣ ಅಚ್ಚಿನಲ್ಲಿ ನಾಲ್ಕು ಆನೆ ತುರುಕಲು ಅಕ್ಕಸಾಲಿ ಕಷ್ಟಪಟ್ಟಿದ್ದಾನೆ ಅಂದರೆ ಅದು ಸುಮ್ನೆ ಅಂದಕ್ಕಲ್ಲ. ಆನೆ ಅಂದರೆ ಆ ಕಾಲಕ್ಕೆ ಸೈನ್ಯದ ಬಲ. ವಿಜಯನಗರದವರಿಗೆ ಎದುರಾಳಿಯಾಗಿದ್ದ ಒಡಿಶಾದ ದೊರೆಗಳು ತಮ್ಮನ್ನು ಗಜಪತಿ ಅಂತಲೇ ಕರೆದುಕೊಳ್ಳುತ್ತಿದ್ದರು. ಅಂಥ ಆನೆಯನ್ನು ಕಾಳಿನ ಹಾಗೆ ಕೊಕ್ಕಿನಲ್ಲಿ ಹಿಡಿಯುವ ಹಕ್ಕಿ ನಮ್ಮದು ಅನ್ನುವುದು ಆ ನಾಣ್ಯದ ಮಾತು. ಸಂತೆಗೆ ಹೋದವನ ಕೈಗೂ ಆ ಮಾತು ತಲುಪುತ್ತಿತ್ತು.

ಬೇಲೂರಿನಲ್ಲಿ ಇದೇ ಮಾತು ಇನ್ನೂ ಬಿಡಿಸಿ ಇದೆ. ಹೊಯ್ಸಳ ವಿಷ್ಣುವರ್ಧನ 1117ರಲ್ಲಿ ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವ ಗುಡಿಯಲ್ಲಿ ಒಂದರ ಹಿಂದೆ ಒಂದು ಪ್ರಾಣಿಯ ಕೆತ್ತನೆ ಇದೆ. ಜಿಂಕೆಯನ್ನು ಹೆಬ್ಬಾವು ಹಿಡಿದಿದೆ. ಹೆಬ್ಬಾವನ್ನು ಆನೆ ಎತ್ತಿದೆ. ಆನೆಯ ಮೇಲೆ ಸಿಂಹ, ಸಿಂಹದ ಮೇಲೆ ಶರಭ ಅನ್ನುವ ಪುರಾಣದ ಪ್ರಾಣಿ, ಶರಭದ ಮೇಲೆ ಗಂಡಭೇರುಂಡ. ಪಕ್ಕದಲ್ಲಿ ಒಬ್ಬ ಋಷಿ ಇದನ್ನೆಲ್ಲ ನೋಡುತ್ತ ಬೆರಗಾಗಿ ನಿಂತಿದ್ದಾನೆ. ಇಲ್ಲಿ ತಲೆ ಒಂದಾ ಎರಡಾ ಅನ್ನುವುದಕ್ಕಿಂತ ಇದರ ಮೇಲೆ ಇನ್ಯಾರೂ ಇಲ್ಲ ಅನ್ನುವುದು ಮುಖ್ಯ. ವೀರರಿಗೆ, ದೊರೆಗಳಿಗೆ ಗಂಡಭೇರುಂಡ ಅನ್ನುವ ಬಿರುದು ಇದ್ದದ್ದೂ ಇದೇ ಕಾರಣಕ್ಕೆ.

ಶರಭ ಅಂದ ತಕ್ಷಣ ಪುರಾಣದ ಕತೆ ನೆನಪಾಗಬಹುದು. ಹಿರಣ್ಯಕಶಿಪುವನ್ನು ಕೊಂದ ಮೇಲೂ ನರಸಿಂಹನ ಸಿಟ್ಟು ಇಳಿಯಲಿಲ್ಲ. ಅವನನ್ನು ತಣಿಸಲು ಶಿವ ಶರಭನಾಗಿ ಬಂದ. ಶೈವರ ಕತೆ ಅಲ್ಲಿಗೆ ಮುಗಿಯುತ್ತದೆ, ಶರಭ ಗೆಲ್ಲುತ್ತಾನೆ. ವೈಷ್ಣವರು ಅಷ್ಟಕ್ಕೆ ಬಿಡುತ್ತಾರಾ? ನರಸಿಂಹ ಗಂಡಭೇರುಂಡನಾಗಿ ಶರಭನ ಮೇಲೆ ಬಿದ್ದ ಅಂತ ಕತೆ ಮುಂದುವರಿಸಿದರು. ಇದನ್ನು ಓದಿದವರು ಗಂಡಭೇರುಂಡ ಅಂದರೆ ವಿಷ್ಣು ಅಂತ ಒಂದೇ ಮಾತಿನಲ್ಲಿ ಹೇಳಿಬಿಡುತ್ತಾರೆ. ನಾನು ಅಷ್ಟು ಬೇಗ ಒಪ್ಪುವುದಿಲ್ಲ. ಬಳ್ಳಿಗಾವಿಯ ಕಂಬ ನಿಂತಿರುವುದು ಶಿವನ ಗುಡಿಯ ಮುಂದೆ. ಸಾಗರದ ಹತ್ತಿರ ಕೆಳದಿಯಲ್ಲಿ ಗಂಡಭೇರುಂಡ ಇರುವುದು ರಾಮೇಶ್ವರನ ಗುಡಿಯ ಚಾವಣಿಯಲ್ಲಿ. ಅದನ್ನು ನೋಡಿಕೊಂಡ ಕೆಳದಿ ನಾಯಕರು ವೀರಶೈವರು. ಶಿವನನ್ನು ಸೋಲಿಸಿದ ಹಕ್ಕಿಯನ್ನು ಶಿವಭಕ್ತರು ತಂದು ನೆತ್ತಿಯ ಮೇಲೆ ಕೂರಿಸುತ್ತಾರಾ? ಅವರಿಗೆ ಅದು ಬಲದ ಗುರುತು, ಗುಡಿಗೆ ರಕ್ಷೆ, ಅಷ್ಟೇ. ಶ್ರೀವೈಷ್ಣವರ ಗುಡಿಯಲ್ಲಿ ಅದೇ ಹಕ್ಕಿ ನರಸಿಂಹ. ಎರಡೂ ಸರಿಯೇ.

ಬಳ್ಳಿಗಾವಿಯದ್ದು ಇನ್ನೂ ಒಂದು ವಿಷಯದಲ್ಲಿ ಬೇರೆ. ಅಲ್ಲಿನ ಗಂಡಭೇರುಂಡಕ್ಕೆ ಮನುಷ್ಯನ ಮೈ ಇದೆ, ತಲೆ ಮಾತ್ರ ಹಕ್ಕಿಯದು. ನಿಮ್ಮ ಟೀ ಶರ್ಟಿನ ಹಕ್ಕಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಹೋದರೆ ಗುರುತೇ ಸಿಗುವುದಿಲ್ಲ.

ಇದೇ ನೆಲದಲ್ಲಿ ಇದಕ್ಕೆ ಪೂರ್ತಿ ಉಲ್ಟಾ ಅರ್ಥವೂ ಇದೆ. ಪಂಚತಂತ್ರದಲ್ಲಿ ಭಾರುಂಡ ಅನ್ನುವ ಹಕ್ಕಿಯ ಕತೆ ಬರುತ್ತದೆ. ಹೊಟ್ಟೆ ಒಂದು, ತಲೆ ಎರಡು. ಒಂದು ತಲೆಗೆ ಅಮೃತದಂಥ ಹಣ್ಣು ಸಿಗುತ್ತದೆ, ಇನ್ನೊಂದಕ್ಕೆ ಕೊಡುವುದಿಲ್ಲ. ಸಿಟ್ಟಾದ ಆ ತಲೆ ಹೋಗಿ ವಿಷದ ಹಣ್ಣು ತಿನ್ನುತ್ತದೆ. ಹೊಟ್ಟೆ ಒಂದೇ ಆದ್ದರಿಂದ ಇಬ್ಬರೂ ಸಾಯುತ್ತಾರೆ. ಒಬ್ಬ ದೊರೆ ಇದೇ ಹಕ್ಕಿಯನ್ನು ಗೆಲುವಿನ ಗುರುತು ಮಾಡಿಕೊಂಡ. ಅಜ್ಜಿಯರು ಇದನ್ನೇ ಹೇಳಿ ಜಗಳವಾಡುವ ಮಕ್ಕಳಿಗೆ ಬುದ್ಧಿ ಕಲಿಸಿದರು.

ಈಗ ರೈಲಿನ ಹಿರಿಯರ ವಿಷಯಕ್ಕೆ ಬರುತ್ತೇನೆ. ಅವರ ತಪ್ಪೂ ಅಲ್ಲ. ನಮ್ಮ ಸರಕಾರಿ ಲಾಂಛನ ರಷ್ಯಾದ್ದನ್ನು ಹೋಲುವುದಕ್ಕೆ ಎರಡು ತಲೆಗಿಂತ ದೊಡ್ಡ ಕಾರಣ ಅದರ ಚೌಕಟ್ಟು. ಗುರಾಣಿ, ಅದರ ಎರಡು ಕಡೆ ಎದ್ದು ನಿಂತ ಎರಡು ಪ್ರಾಣಿ, ಕೆಳಗೆ ಪಟ್ಟಿಯ ಮೇಲೆ ಒಂದು ಧ್ಯೇಯವಾಕ್ಯ. ಇದು ಯುರೋಪಿನ ರಾಜಮನೆತನಗಳ ಪದ್ಧತಿ. 1877ರ ದೆಹಲಿ ದರ್ಬಾರಿನಲ್ಲಿ ಬ್ರಿಟಿಷರು ನಮ್ಮ ರಾಜರುಗಳಿಗೆ ಇಂಥ ಲಾಂಛನ ಬರೆದ ಧ್ವಜಗಳನ್ನು ಕೊಟ್ಟರು. ಆ ಕಾಲದಿಂದ ಎಲ್ಲ ಸಂಸ್ಥಾನಗಳೂ ತಮ್ಮ ಹಳೆಯ ಗುರುತುಗಳನ್ನು ಈ ಅಚ್ಚಿನಲ್ಲಿ ಕೂರಿಸತೊಡಗಿದವು. ಮೈಸೂರಿನ ಲಾಂಛನವೂ ಈ ಅಚ್ಚಿನದ್ದೇ. ಕೆಳಗಿನ ಪಟ್ಟಿಯಲ್ಲಿ ಉಪನಿಷತ್ತಿನ ಸಾಲು, ‘ನ ಬಿಭೇತಿ ಕದಾಚನ’, ಎಂದಿಗೂ ಹೆದರುವುದಿಲ್ಲ ಅಂತ. ಹಕ್ಕಿ ಇಲ್ಲಿಯದು, ಚೌಕಟ್ಟು ಅಲ್ಲಿಯದು.

ಸ್ವಾತಂತ್ರ್ಯದ ನಂತರ ಅದೇ ಹಕ್ಕಿ ರಾಜ್ಯದ ಲಾಂಛನಕ್ಕೆ ಬಂತು. ಈಗಿನದ್ದನ್ನು ಒಮ್ಮೆ ಸರಿಯಾಗಿ ನೋಡಿ. ಕೆಂಪು ಗುರಾಣಿಯ ಮೇಲೆ ಬಿಳಿ ಗಂಡಭೇರುಂಡ. ಅಕ್ಕಪಕ್ಕ ಆನೆಯ ಮುಖ, ಸಿಂಹದ ಮೈ ಇರುವ ಎರಡು ಪ್ರಾಣಿಗಳು. ಕೆಲವರು ಇದನ್ನು ಗಜಕೇಸರಿ ಅಂತಾರೆ, ಕೆಲವರು ಶರಭ ಅಂತಾರೆ. ಶರಭ ಅನ್ನುವುದಾದರೆ, ಬೇಲೂರಿನಲ್ಲಿ ಇದೇ ಹಕ್ಕಿಯ ಉಗುರಿಗೆ ಸಿಕ್ಕ ಪ್ರಾಣಿ ಇಲ್ಲಿ ಅದರ ಪಕ್ಕ ಕಾವಲು ನಿಂತಿದೆ. ತಲೆಯ ಮೇಲೆ ಅಶೋಕನ ಸಿಂಹಗಳು. (ಕೇಂದ್ರ ಮೇಲೆ, ರಾಜ್ಯ ಕೆಳಗೆ. ಲಾಂಛನ ಬರೆದವರಿಗೆ ಆಡಳಿತ ಚೆನ್ನಾಗಿ ಗೊತ್ತಿತ್ತು.) ಉಗುರಿನಲ್ಲಿ ಆನೆ ಇಲ್ಲ. ಪ್ರಜಾಪ್ರಭುತ್ವದಲ್ಲಿ ಯಾರನ್ನು ಅಂತ ಹಿಡಿಯುವುದು? ಆದರೆ ಇದರಿಂದ ಒಂದು ಫಜೀತಿ ಆಯಿತು. ಕಾಲಿನಿಂದ ಆನೆ ಹೋದ ಮೇಲೆ ನಮ್ಮ ಹಕ್ಕಿಯನ್ನು ಬೇರೆಯವರಿಂದ ಬೇರೆ ಮಾಡುವ ಗುರುತೇ ಹೋಯಿತು.

ನಿಮ್ಮ ಸರ್ಬಿಯಾದ ಗೆಳೆಯನ ಜೊತೆ ವಾದ ಮಾಡುವಾಗ ಸ್ವಲ್ಪ ಹುಷಾರು. ಅವರ ಬಿಳಿ ಹದ್ದಿನ ಎದೆಯ ಮೇಲೆ ಶಿಲುಬೆಯ ಗುರಾಣಿ ಇದೆ. ಪಕ್ಕದ ಅಲ್ಬೇನಿಯಾದ ಬಾವುಟದಲ್ಲಿ ಕೆಂಪಿನ ಮೇಲೆ ಕಪ್ಪು ಹದ್ದು, ಅದಕ್ಕೂ ಎರಡೇ ತಲೆ. ಇಬ್ಬರಿಗೂ ಒಬ್ಬರನ್ನೊಬ್ಬರು ಕಂಡರೆ ಆಗುವುದಿಲ್ಲ. 2018ರ ಫುಟ್‌ಬಾಲ್ ವಿಶ್ವಕಪ್‌ನಲ್ಲಿ ಸ್ವಿಟ್ಜರ್ಲೆಂಡ್ ತಂಡ ಸರ್ಬಿಯಾವನ್ನು 2-1ರಿಂದ ಸೋಲಿಸಿತು. ಗೋಲು ಹೊಡೆದ ಜಾಕಾ ಮತ್ತು ಶಕೀರಿ ಇಬ್ಬರದ್ದೂ ಕೊಸೊವೊದ ಅಲ್ಬೇನಿಯನ್ ಮೂಲ. ಗೋಲು ಬಿದ್ದಾಗ ಇಬ್ಬರೂ ಎರಡು ಹೆಬ್ಬೆರಳು ಕೊಕ್ಕೆ ಹಾಕಿ, ಬೆರಳು ಬಿಚ್ಚಿ ಹದ್ದಿನ ಆಕಾರ ತೋರಿಸಿದರು. ಫೀಫಾ ತಲಾ 10,000 ಸ್ವಿಸ್ ಫ್ರಾಂಕ್ ದಂಡ ಹಾಕಿತು. ಎದುರಿಗೆ ಆಡುತ್ತಿದ್ದವರ ದೇಶದ ಲಾಂಛನದಲ್ಲೂ ಎರಡು ತಲೆಯ ಹದ್ದು ಇದೆ ಅನ್ನುವುದನ್ನು ಮರೆಯಬೇಡಿ. ಹಾಗೆಯೇ ಗ್ರೀಸ್‌ನ ಥೆಸಲೊನೀಕಿಯಲ್ಲಿ ಪಾಓಕ್ ಅನ್ನುವ ಕ್ಲಬ್ ಇದೆ. ಕಾನ್‌ಸ್ಟಾಂಟಿನೋಪಲ್‌ನಿಂದ ನಿರಾಶ್ರಿತರಾಗಿ ಬಂದವರು 1926ರಲ್ಲಿ ಕಟ್ಟಿದ್ದು. ಅವರ ಹದ್ದು ರೆಕ್ಕೆ ಮಡಚಿಕೊಂಡಿದೆ. ಕಳೆದುಹೋದ ಊರಿನ ದುಃಖಕ್ಕೆ ಹಾಗೆ ಅಂತ ಅವರೇ ಹೇಳಿಕೊಳ್ಳುತ್ತಾರೆ. ಇದೆಲ್ಲ ಕ್ರೈಸ್ತರ ಗುರುತು ಅಂದುಕೊಳ್ಳಬೇಡಿ, ತುರ್ಕಿಯ ದಿವ್ರಿಯಲ್ಲಿ 1228ರಲ್ಲಿ ಶುರುವಾದ ದೊಡ್ಡ ಮಸೀದಿಯ ಪಶ್ಚಿಮದ ಬಾಗಿಲಲ್ಲೂ ಇದೇ ಹಕ್ಕಿ ಇದೆ.

ಇನ್ನು ಟೀ ಶರ್ಟ್. ಧಾರಾಳವಾಗಿ ಹಾಕಿ. ಜರ್ಮನಿಯಲ್ಲಿ ನಾವು ಯೋಚನೆ ಮಾಡಬೇಕಾದ ಗುರುತು ಸ್ವಸ್ತಿಕ. ಮನೆ ಒಳಗೆ ದೇವರ ಮುಂದೆ ಬರೆದರೆ ಯಾರೂ ಕೇಳುವುದಿಲ್ಲ. ಬಾಗಿಲ ಹೊರಗಿನ ರಂಗೋಲಿಯಲ್ಲಿ ಬರೆದರೆ ಪಕ್ಕದ ಮನೆಯವರಿಗೆ ನಾಜಿಗಳೇ ನೆನಪಾಗುತ್ತಾರೆ. ಅಲ್ಲಿ ನಾಜಿ ಗುರುತುಗಳ ಪ್ರದರ್ಶನ ಅಪರಾಧ. ನಮ್ಮದು ಸಾವಿರಾರು ವರ್ಷ ಹಳೆಯದು ಅನ್ನುವ ವಾದ ನಿಜವಾದರೂ ಆ ಹೊತ್ತಿಗೆ ಉಪಯೋಗಕ್ಕೆ ಬರುವುದಿಲ್ಲ. ಎರಡು ತಲೆಯ ಹಕ್ಕಿಗೆ ಅಂಥ ಗತಿ ಬಂದಿಲ್ಲ. ಯಾರಾದರೂ ಕೇಳಿದರೆ ಎರಡು ಮಾತಿನಲ್ಲಿ ಹೇಳಿ, ಮುಗಿಯಿತು.

ಸರಕಾರದ ಪೂರ್ತಿ ಲಾಂಛನ, ಅಂದರೆ ಅಶೋಕನ ಸಿಂಹ ಸಮೇತ ಇರುವುದನ್ನು, ಬಟ್ಟೆಗೆ ಹಾಕಿಸಬೇಡಿ. ರಾಜ್ಯ ಸರಕಾರಗಳ ಲಾಂಛನವನ್ನು ಅನುಮತಿ ಇಲ್ಲದೆ ವ್ಯಾಪಾರಕ್ಕೆ ಬಳಸುವುದನ್ನು 1950ರ ಲಾಂಛನ ಮತ್ತು ಹೆಸರುಗಳ ಕಾಯ್ದೆ ತಡೆಯುತ್ತದೆ. ಇಲ್ಲಿ ಪ್ರಿಂಟ್ ಮಾಡಿಸಿ ಅಲ್ಲಿ ಮಾರುವ ಯೋಚನೆ ಇದ್ದರೆ ಇದು ನೆನಪಿರಲಿ. ಬರೀ ಹಕ್ಕಿ ಸಾಕು. ಮುಂದಿನ ರಾಜ್ಯೋತ್ಸವಕ್ಕೆ ಹೊಸದು ಮಾಡಿಸುವುದಾದರೆ ಅಚ್ಯುತರಾಯನ ನಾಣ್ಯದಿಂದ ಚಿತ್ರ ತೆಗೆಸಿ, ನಾಲ್ಕು ಆನೆಯೂ ಇರಲಿ. ಚಿತ್ರ ಬರೆಯುವವರಿಗೆ ಸೊಂಡಿಲು ಸ್ವಲ್ಪ ಉದ್ದ ಎಳೆಯಲು ಹೇಳಿ, ದೂರದಿಂದಲೂ ಆನೆ ಅಂತ ಗೊತ್ತಾಗಬೇಕು. ಆಮೇಲೆ ಯಾರೂ ಅದನ್ನು ಮಾಸ್ಕೋದ್ದು ಅನ್ನುವುದಿಲ್ಲ.